ಆಲ್ವರ್ನಾಳ ಒಂದು ಎಕರೆ ಕಳೆ

ಕಳೆ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರಾದರೂ ನನ್ನನ್ನು ಒಳ್ಳೆಯ ಮನುಷ್ಯ ಎಂದುಕೊಂಡರೆ ಅದು ನನ್ನ ತಪ್ಪಲ್ಲ.

ಏಳನೇ ವಯಸ್ಸಿನಿಂದ ಬೇಸಿಗೆಯಿಡೀ ಸೋಯಾ ಸಾಲುಗಳ ನಡುವೆ ನಡೆದು ಕಳೆ ಕಿತ್ತವನು ನಾನು. ಬೆಳಗಿನ ಇಬ್ಬನಿಗೆ ಪ್ಯಾಂಟು ತೊಡೆಯವರೆಗೂ ಒದ್ದೆ, ಮಧ್ಯಾಹ್ನಕ್ಕೆ ಅದೇ ಪ್ಯಾಂಟು ಒಣಗಿ ರಟ್ಟು. ಅಯೋವದ ನಮ್ಮ ಕಡೆ ಮನುಷ್ಯನ ಯೋಗ್ಯತೆ ಅಳೆಯುವುದು ಅವನ ಹೊಲ ನೋಡಿ. ಜಲ್ಲಿ ರಸ್ತೆಯಲ್ಲಿ ಪಿಕಪ್ ಓಡಿಸಿಕೊಂಡು ಹೋಗುವವನು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಿಮಗೆ ನಮಸ್ಕಾರ ಹೇಳುತ್ತಾನೆ, ಕಣ್ಣು ಮಾತ್ರ ನಿಮ್ಮ ಸಾಲುಗಳ ಮೇಲೆ. ಸೋಯಾ ನಡುವೆ ಒಂದೇ ಒಂದು ಕಳೆ ತಲೆಯೆತ್ತಿದ್ದರೂ ಸಾಕು, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಅದರದ್ದೇ ಸುದ್ದಿ. ನಮ್ಮ ಟ್ಯಾಡನ್ ಮನೆತನದ ಹೊಲದಲ್ಲಿ ಅಂಥ ಸುದ್ದಿ ಮೂರು ತಲೆಮಾರಿನಿಂದ ಹುಟ್ಟಿರಲಿಲ್ಲ. ಹುಟ್ಟಿಸಿದವಳು ನನ್ನಕ್ಕ.

ಆಲ್ವರ್ನಾ ನನಗಿಂತ ಆರು ವರ್ಷ ದೊಡ್ಡವಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದಳು, ಮದುವೆಯಾಗಲಿಲ್ಲ. ಅಪ್ಪ ಸಾಯುವಾಗ ಹೊಲವನ್ನೆಲ್ಲ ನನಗೆ ಬರೆದು, ಹಳೆಯ ಮನೆಯನ್ನೂ ಅದರ ಪಕ್ಕದ ಒಂದು ಎಕರೆಯನ್ನೂ ಅವಳಿಗೆ ಬರೆದ. ನನ್ನ ಮನೆ ರಸ್ತೆಯ ಈಚೆ, ಅವಳದು ಆಚೆ. ಆ ಒಂದು ಎಕರೆ ನಾವು ಹಂದಿ ಸಾಕುತ್ತಿದ್ದ ಜಾಗ. ಹಂದಿಗಳು ಹೋಗಿ ಇಪ್ಪತ್ತು ವರ್ಷವಾದರೂ ಮಳೆ ಬಂದರೆ ಅಲ್ಲಿಂದ ಹಳೆಯ ನಾತ ಏಳುತ್ತಿತ್ತು, ಒಡೆದ ಕಾಂಕ್ರೀಟು ನೆಲದ ತುಂಡುಗಳು ಮಣ್ಣಿನಿಂದ ಹಲ್ಲು ಕಿರಿಯುತ್ತಿದ್ದವು. ಅಂಥ ಜಾಗದಲ್ಲಿ ಹೂ ಬೆಳೆಯುತ್ತೇನೆಂದು ನನ್ನಕ್ಕ ಹೊರಟಳು.

ಹೂ ಎಂದರೆ ಗುಲಾಬಿ ಅಲ್ಲ, ಡೇಲಿಯಾ ಅಲ್ಲ. ನಮ್ಮ ಮುತ್ತಜ್ಜ ನೇಗಿಲು ಹಿಡಿದು ಬರುವ ಮೊದಲು ಈ ನೆಲದ ಮೇಲೆ ದಿಗಂತದವರೆಗೂ ಬೆಳೆದಿತ್ತಲ್ಲ, ಆ ಹುಲ್ಲುಗಾವಲಿನ ಹೂಗಳು. ಅದರಲ್ಲೂ ಒಂದು ಗಿಡದ ಮೇಲೆ ಅವಳಿಗೆ ಹುಚ್ಚು ಪ್ರೀತಿ. ಆಳಿಗಿಂತ ಎತ್ತರ ಬೆಳೆದು ಹಳದಿ ಹೂ ಬಿಡುತ್ತದೆ, ಎಲೆಯ ಅಂಚುಗಳನ್ನು ಸರಿಯಾಗಿ ಉತ್ತರಕ್ಕೂ ದಕ್ಷಿಣಕ್ಕೂ ತಿರುಗಿಸಿ ನಿಲ್ಲುತ್ತದೆ. ನಾವು ಅದನ್ನು ದಿಕ್ಕಿನ ಗಿಡ ಎನ್ನುತ್ತೇವೆ. ಕಾಂಡದಿಂದ ಒಸರುವ ಅಂಟನ್ನು ಚಿಕ್ಕಂದಿನಲ್ಲಿ ಅವಳು ಅಗಿಯುತ್ತಿದ್ದಳು, ನನ್ನ ಬಾಯಿಗೂ ತುರುಕುತ್ತಿದ್ದಳು. ಟರ್ಪೆಂಟೈನ್ ವಾಸನೆಯ ಆ ಅಂಟು ಹಲ್ಲಿಗೆ ಮೆತ್ತಿಕೊಂಡು ನಾನು ವಾಂತಿ ಮಾಡಿಕೊಂಡದ್ದು ಇವತ್ತಿಗೂ ನೆನಪಿದೆ.

ಆ ಗಿಡಗಳು ನಮ್ಮ ಸುತ್ತಮುತ್ತ ಉಳಿದಿದ್ದದ್ದು ಒಂದೇ ಕಡೆ, ಎರಡು ಮೈಲಿ ದೂರದ ರೈಲು ಹಳಿಯ ಪಕ್ಕದ ಒಂದು ಪಟ್ಟಿಯಲ್ಲಿ. ಅಲ್ಲಿಗೆ ನೇಗಿಲು ಯಾವತ್ತೂ ಹೋಗಿರಲಿಲ್ಲ. ಎರಡು ವರ್ಷ ಶರತ್ಕಾಲದಲ್ಲಿ ಅವಳು ದಿಂಬಿನ ಚೀಲ ಹಿಡಿದು ಹೋಗಿ, ಒಣಗಿದ ಹೂತಲೆಗಳನ್ನು ಕಿತ್ತು ತಂದು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಹರಡಿದಳು. ಒಂದು ದಿನ ನಾನು ಹೋಗಿ, ಕೇಕು ತಿನ್ನಲೆಂದು ಕುರ್ಚಿ ಎಳೆದವನು ಮೇಜು ನೋಡಿ ಹಿಂದೆ ಸರಿದೆ.

"ಆಲ್ವರ್ನಾ, ಏನೇ ಇದು?"

"ಬೀಜ."

"ಬೀಜ ನಡೀತಾ ಇದೆಯಲ್ಲೇ!"

"ಅದು ಹುಳ ಕಣೋ. ಬೀಜ ತಿನ್ನೋಕೆ ಬಂದಿದೆ, ನೀನು ಕೇಕ್ ತಿನ್ನೋಕೆ ಬಂದ ಹಾಗೆ. ಕೂತ್ಕೋ."

ಬಿಳಿಯ, ದಪ್ಪ, ತಲೆ ಮಾತ್ರ ಕಂದು ಬಣ್ಣದ ಹುಳಗಳು ಮೇಜಿನ ಅಂಚಿನವರೆಗೆ ಹರಿದು ಟಪ್ಪೆಂದು ನೆಲಕ್ಕೆ ಬೀಳುತ್ತಿದ್ದವು. ಅವಳು ಅವನ್ನು ಬರಿಗೈಲಿ ಆರಿಸಿ ಕಾಫಿ ಡಬ್ಬಿಗೆ ಹಾಕುತ್ತ, ಅದೇ ಕೈಯಲ್ಲಿ ನನಗೆ ಕೇಕು ಕತ್ತರಿಸಿ ಕೊಟ್ಟಳು. ನಾನು ಮುಟ್ಟಲಿಲ್ಲ. ಜನವರಿಯಲ್ಲಿ ಆ ಬೀಜವನ್ನೆಲ್ಲ ಒದ್ದೆ ಮರಳಿನಲ್ಲಿ ಕಲಸಿ, ಐಸ್‌ಕ್ರೀಂ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಚಳಿ ತಿನ್ನದೆ ಅವು ಮೊಳೆಯುವುದಿಲ್ಲವಂತೆ. ಬೆಣ್ಣೆ ಎಂದು ಒಂದು ಡಬ್ಬಿ ತೆರೆದರೆ ಬೂಷ್ಟು ಹಿಡಿದ ಮರಳು, ಇನ್ನೊಂದು ತೆರೆದರೆ ಕೊಳೆತ ಎಲೆಯ ವಾಸನೆ. ಆ ಚಳಿಗಾಲವೆಲ್ಲ ನಾನು ಅವಳ ಮನೆಯಲ್ಲಿ ಬರೀ ಚಹಾ ಕುಡಿದೆ, ಅದೂ ನಾನೇ ಕಲ್ಲುಸಕ್ಕರೆ ಒಯ್ದು.

ಮೇ ಮೊದಲ ವಾರ ಅವಳು ಹಂದಿ ಜಾಗವನ್ನು ಹಸನು ಮಾಡಿಸಿ, ಕೈಯಿಂದಲೇ ಎಲ್ಲವನ್ನೂ ಎರಚಿದಳು. ಒಂದು ಬೀಜವನ್ನೂ ಇಟ್ಟುಕೊಳ್ಳಲಿಲ್ಲ. ಅದೇ ತಿಂಗಳ ಕೊನೆಗೆ ರೈಲಿನವರು ಹಳಿಯುದ್ದಕ್ಕೂ ಕಳೆನಾಶಕ ಹೊಡೆದರು. ಹತ್ತು ದಿನದಲ್ಲಿ ಆ ಪಟ್ಟಿಯೆಲ್ಲ ಕಂದಾಗಿ ಮಲಗಿತು. ಆಲ್ವರ್ನಾ ನೋಡಿಕೊಂಡು ಬಂದು ನನ್ನ ಮನೆಯ ಮೆಟ್ಟಿಲ ಮೇಲೆ ಕುಳಿತಳು.

"ಮುಗೀತು ಮೆನ್ನೋ. ಇನ್ನು ಇರೋದು ನನ್ನ ಎಕರೆಯಲ್ಲಿ ಮಾತ್ರ. ಅದು ಹೋದ್ರೆ ಈ ಸುತ್ತಿನಲ್ಲಿ ಮತ್ತೆ ಯಾರೂ ಕಾಣಲ್ಲ."

ನಾನು ಹೂಂ ಎಂದೆ. ಅವಳು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗಿರಲಿಲ್ಲ ಎಂದು ಈಗ ಜಾರಿಕೊಳ್ಳುವುದಿಲ್ಲ.

ಜೂನ್ ಬಂತು. ದಿಕ್ಕಿನ ಗಿಡ ಮೊದಲ ವರ್ಷ ನೆಲದ ಮೇಲೆ ಒಂದೆರಡು ಎಲೆ ತೋರಿಸಿ, ತನ್ನ ಶಕ್ತಿಯನ್ನೆಲ್ಲ ಬೇರಿಗೆ ಇಳಿಸುತ್ತದೆ. ಆ ಎಲೆಯ ಮೇಲೆ ಎದ್ದು ನಿಂತದ್ದು ರ್‍ಯಾಗ್‌ವೀಡು. ದಪ್ಪ ಕಾಂಡ, ಅಗಲ ಎಲೆ, ಊರಿಗೆಲ್ಲ ಸೀನು ಹಂಚುವ ದರಿದ್ರ ಗಿಡ. ಹಂದಿ ಗೊಬ್ಬರ ತಿಂದು ತಿಂದು ಜೂನ್ ಎರಡನೇ ವಾರಕ್ಕೇ ನನ್ನ ಸೊಂಟದೆತ್ತರ ಬಂದಿತ್ತು. ದಂಟಿನ ತುಂಬ ಗೊಂಚಲು ಗೊಂಚಲು ಗಿಡಹೇನು, ಮುಟ್ಟಿದರೆ ಕೈಗೆ ಹಸಿರು ಲೋಳೆ. ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೆ ಅದೇ ದೃಶ್ಯ.

"ಕೊಯ್ಸೇ ಅದನ್ನ," ಎಂದೆ ಆಲ್ವರ್ನಾಗೆ.

"ಜಿಲ್ಲಾ ಕಚೇರಿಯವರು ಬೀಜದ ಬಗ್ಗೆ ಕೊಟ್ಟ ಕಾಗದದಲ್ಲೂ ಹಾಗೇ ಬರೆದವ್ರೆ. ಮೊದಲನೇ ವರ್ಷ ಮೂರು ಸಲ ಕೊಯ್ಯಬೇಕಂತೆ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ."

"ಮತ್ತೆ?"

"ಮತ್ತೆ ಏನಿಲ್ಲ. ಈ ಊರಿನವರಿಗೆ ಗೊತ್ತಿರೋದು ಒಂದೇ, ಕಂಡದ್ದನ್ನೆಲ್ಲ ಕೊಯ್ಯೋದು. ಮುತ್ತಜ್ಜ ಕೊಯ್ದ, ಅಜ್ಜ ಕೊಯ್ದ, ಅಪ್ಪ ಕೊಯ್ದ, ಈಗ ನೀನು. ನನ್ನ ಎಕರೆಗೆ ಮಾತ್ರ ಬ್ಲೇಡು ಬರಕೂಡದು. ಬದುಕೋದು ಬದುಕುತ್ತೆ."

ಅದೇ ವಾರ ಅವಳ ಸೊಂಟದ ಕೀಲಿನ ಆಪರೇಷನ್ ಆಯಿತು. ಆಮೇಲೆ ಹತ್ತು ವಾರ ಪಟ್ಟಣದ ಆರೈಕೆ ಕೇಂದ್ರದಲ್ಲಿರಬೇಕೆಂದರು. ಬೆಕ್ಕಿಗೆ ಊಟ ಹಾಕಲು ಮನೆಯ ಬೀಗದ ಕೈ ನನ್ನ ಹತ್ತಿರ ಕೊಟ್ಟಳು. ಕೊಡುವಾಗ ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡಳು.

ಅವಳು ಹೋದ ಮೂರನೇ ದಿನ ಧಾನ್ಯದ ಗೋದಾಮಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಬೆಳಗ್ಗೆ ಆರಕ್ಕೆ ಅಲ್ಲಿ ಸೇರುವವರೆಲ್ಲ ನಮ್ಮವರೇ. ಪಕ್ಕದ ಹೊಲದ ಡ್ವೇನ್ ಕ್ರೂಸ ಕಾಗದದ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಏನ್ ಮೆನ್ನೋ, ನಿಮ್ಮಕ್ಕ ಈ ಸಲ ಸೀನಿನ ಬೆಳೆ ಹಾಕವ್ಳಂತೆ? ಎಕರೆಗೆ ಎಷ್ಟು ಸೀನು ಬರುತ್ತೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಯಿ ತೆರೆದು ನನ್ನಕ್ಕನ ಪರ ಒಂದು ಮಾತು ಆಡಲಿಲ್ಲ. ಆಡುವುದಿರಲಿ, "ಅವಳು ಬರೋದ್ರೊಳಗೆ ನೋಡ್ಕೋತೀನಿ ಬಿಡಿ" ಎಂದುಬಿಟ್ಟೆ.

ಮನೆಗೆ ಬಂದವನೇ ಟ್ಯಾಂಕಿಗೆ ಕಳೆನಾಶಕ ಬೆರೆಸಿದೆ. ಎಲೆಗೆ ಬಿದ್ದರೆ ಬೇರಿನ ತುದಿಯವರೆಗೂ ಇಳಿದು ಕೊಲ್ಲುವ ಔಷಧಿ. ಒಂದು ಗಿಡವೂ, ಎರಡೆಲೆಯ ಒಂದು ಸಸಿಯೂ ಉಳಿಯಬಾರದು ಎಂದು ಒಂದು ಅಳತೆ ಹೆಚ್ಚೇ ಸುರಿದೆ. ಟ್ರ್ಯಾಕ್ಟರಿಗೆ ಸಿಕ್ಕಿಸಿ ರಸ್ತೆ ದಾಟಿದರೆ ಗಾಳಿ. ದಕ್ಷಿಣದಿಂದ ಬೀಸುತ್ತಿತ್ತು. ಅವಳ ಎಕರೆಯ ಉತ್ತರಕ್ಕೆ ನನ್ನ ಸೋಯಾ, ಬೀಜಕ್ಕೆಂದೇ ಬೆಳೆದ ಹಳೆಯ ತಳಿ. ಆ ಔಷಧಿಯ ಹನಿ ಹಾರಿ ಬಿದ್ದರೆ ಸಾಲುಸಾಲೇ ಸುಟ್ಟುಹೋಗುತ್ತದೆ. ಒಂದು ದಿನ ಕಾದೆ, ಎರಡು ದಿನ ಕಾದೆ. ಗಾಳಿ ನಿಲ್ಲಲಿಲ್ಲ. ನಾಲ್ಕನೇ ದಿನ ತಾಳ್ಮೆ ಕೆಟ್ಟು, ಟ್ಯಾಂಕು ಬಿಚ್ಚಿಟ್ಟು ಹುಲ್ಲು ಕೊಯ್ಯುವ ಮೊವರ್ ಸಿಕ್ಕಿಸಿಕೊಂಡು ಹೋದೆ.

ಹಾಗೆ ಕೊಯ್ದೆ. ಬುಡಕ್ಕೇ ಕೊಯ್ಯುವ ಆಸೆಯಿತ್ತು, ಆದರೆ ಹಳೆಯ ಕಾಂಕ್ರೀಟಿಗೆ ತಾಗಿ ಬ್ಲೇಡು ಮುರಿದೀತೆಂದು ಗೇಣುದ್ದ ಎತ್ತರಿಸಿಕೊಂಡೆ. ರ್‍ಯಾಗ್‌ವೀಡು ನುಗ್ಗಾಗಿ ಹಸಿರು ರಸ ನನ್ನ ಕನ್ನಡಕಕ್ಕೆ ರಾಚಿತು, ಬಾಯೊಳಗೂ ಹೋಯಿತು. ಮೊವರಿನ ಕೆಳಗಿಂದ ಒಂದು ಕಪ್ಪೆ ಎರಡಾಗಿ ಹೊರಬಿತ್ತು, ಮುಂದಿನ ಅರ್ಧ ಇನ್ನೂ ನಡೆಯಲು ನೋಡುತ್ತಿತ್ತು. ನಾನು ಕಣ್ಣು ಆಚೆ ತಿರುಗಿಸಿ ಗೇರು ಬದಲಿಸಿದೆ. ಮುಗಿಸಿ ಮನೆಗೆ ಬಂದು ಸ್ನಾನ ಮಾಡಿ ಕಿಟಕಿಯಲ್ಲಿ ನೋಡಿದೆ. ಚೊಕ್ಕಟವಾಗಿತ್ತು. ತುಂಬ ಹಿತವೆನಿಸಿತು.

ಅದೇ ವಾರ ಆಲ್ವರ್ನಾ ಪಟ್ಟಣದಿಂದ ಫೋನು ಮಾಡಿದಳು.

"ಬೆಕ್ಕು ಹೇಗಿದೆ?"

"ತಿಂತಾ ಇದೆ."

"ಗಿಡ?"

"ಇದೆ," ಎಂದೆ.

ಜುಲೈಯಲ್ಲಿ ಕಳೆ ಮತ್ತೆ ಚಿಗುರಿತು, ಮತ್ತೆ ಕೊಯ್ದೆ. ಆಗಸ್ಟಿನಲ್ಲಿ ಮೂರನೇ ಸಲ ಶಿಳ್ಳೆ ಹಾಕುತ್ತ ಕೊಯ್ದೆ. ಡ್ವೇನ್ ಪಿಕಪ್ ನಿಧಾನ ಮಾಡಿ ಒಂದರ ಬದಲು ಎರಡು ಬೆರಳೆತ್ತಿದ.

ಆಗಸ್ಟ್ ಕೊನೆಗೆ ಆಲ್ವರ್ನಾ ಕೋಲು ಊರಿಕೊಂಡು ಮನೆಗೆ ಬಂದಳು. ಕಾರಿನಿಂದ ಇಳಿದು, ಬೋಳಾದ ಎಕರೆಯ ಅಂಚಿಗೆ ಹೋಗಿ ಕೋಲಿನ ತುದಿಯಿಂದ ಗೇಣುದ್ದದ ಕೂಳೆಯನ್ನು ತಟ್ಟಿ ನೋಡಿದಳು. ನಾನು ಅವಳ ಬಟ್ಟೆಯ ಪೆಟ್ಟಿಗೆ ಹಿಡಿದು ಹಿಂದೆ ನಿಂತಿದ್ದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ.

"ಪೆಟ್ಟಿಗೆ ಕೆಳಗಿಡು," ಎಂದಳು. "ಬೀಗದ ಕೈ ಕೊಡು. ಇವತ್ತಿಂದ ನೀನು ನನ್ನ ತಮ್ಮ ಅಲ್ಲ, ರಸ್ತೆ ಆಚೆ ಇರೋ ಮನುಷ್ಯ."

ನಾಲ್ಕು ವರ್ಷ ಹಾಗೇ ನಡೆಯಿತು. ಚರ್ಚಿನಲ್ಲಿ ನಾನು ಎಡಕ್ಕೆ ಕುಳಿತರೆ ಅವಳು ಬಲಕ್ಕೆ. ನನ್ನ ಮೂಗು ಒರೆಸಿ ಬೆಳೆಸಿದವಳು ಅಂಗಡಿಯಲ್ಲಿ ಎದುರು ಸಿಕ್ಕರೆ ಡಬ್ಬಿಯ ಬಟಾಣಿಯ ಮೇಲಿನ ಅಕ್ಷರ ಓದುತ್ತ ನಿಲ್ಲುತ್ತಿದ್ದಳು. ನಾನೂ ಬಗ್ಗಲಿಲ್ಲ. ಕಳೆ ಕೊಯ್ದದ್ದಕ್ಕೆ ಕ್ಷಮೆ ಕೇಳುವುದು ಟ್ಯಾಡನ್ ರಕ್ತದಲ್ಲಿಲ್ಲ.

ಈ ನಡುವೆ ಆ ಎಕರೆಯಲ್ಲಿ ಏನೋ ನಡೆಯುತ್ತಿತ್ತು. ಎರಡನೇ ಬೇಸಿಗೆಗೆ ರ್‍ಯಾಗ್‌ವೀಡು ಬಡವಾಯಿತು. ಮೂರನೆಯದಕ್ಕೆ ನೇರಳೆ ಹೂಗಳು, ಎದೆಯೆತ್ತರದ ಹುಲ್ಲು. ಐದನೇ ಬೇಸಿಗೆಯ ಜುಲೈನಲ್ಲಿ ದಿಕ್ಕಿನ ಗಿಡ ಒಂದು ದಂಟು ಎತ್ತಿತು. ಒಂಬತ್ತು ಅಡಿ ಇದ್ದೀತು, ಮೇಲಿಂದ ಕೆಳಗೆ ಹಳದಿ ಹೂ. ಕರುಬಿಕೊಂಡು ಕಿಟಕಿಯಿಂದ ನೋಡುತ್ತಿದ್ದೆ. ನನ್ನ ಸೋಯಾದೊಳಕ್ಕೆ ಬೀಜ ಹಾರಿ ಬರುತ್ತದೆಂದು ಬೈದುಕೊಂಡೆ, ಇಲಿ ಹೆಚ್ಚುತ್ತದೆಂದು ಬೈದುಕೊಂಡೆ. ಎಲ್ಲಕ್ಕಿಂತ ಅಸಹ್ಯವಾದದ್ದು ಡ್ವೇನ್. ಅದೇ ಡ್ವೇನ್ ಭಾನುವಾರ ಹೆಂಡತಿಯನ್ನು ಕರೆತಂದು, ಆ ಗಿಡದ ಪಕ್ಕ ನಿಲ್ಲಿಸಿ ಫೋಟೋ ತೆಗೆದ. "ನಮ್ಮ ಮುತ್ತಜ್ಜಂದಿರು ಕಂಡದ್ದು ಇದನ್ನೇ" ಎಂದು ಗೋದಾಮಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಮಾತಾಡಿದನಂತೆ. ಥೂ!

ಅದಾಗಿ ಒಂದು ವಾರಕ್ಕೆ ಮಧ್ಯಾಹ್ನ ನನ್ನ ಅಡುಗೆಮನೆಯ ಬಾಗಿಲು ತಟ್ಟಿದ ಸದ್ದು. ತೆರೆದರೆ ಆಲ್ವರ್ನಾ. ಕೈಯಲ್ಲಿ ಹುಳಿ ಚೆರ್ರಿ ಪೈ, ಕಂಕುಳಲ್ಲಿ ಒಂದು ಲಕೋಟೆ.

"ಚಹಾ ಇಡು," ಎಂದಳು, ನಿನ್ನೆ ತಾನೆ ಬಂದು ಹೋದವಳಂತೆ.

ಇಟ್ಟೆ. ಕಲ್ಲುಸಕ್ಕರೆಯ ಮೇಲೆ ಚಹಾ ಬಿದ್ದು ಚಟಚಟ ಎಂದಿತು. ಅವಳು ನಮ್ಮವರ ಪದ್ಧತಿಯಂತೆ ಕೆನೆ ಹಾಕಿ, ಕಲಕದೆ ಒಂದು ಗುಟುಕು ಕುಡಿದಳು.

"ಜಿಲ್ಲೆಯಿಂದ ಬ್ರಿಟಾ ಬಂದಿದ್ಲು. ಹುಲ್ಲುಗಾವಲು ನೋಡ್ಕೊಳ್ಳೋ ಹುಡುಗಿ. 'ಹಂದಿ ಜಾಗದಲ್ಲಿ ಇಷ್ಟು ಚೆನ್ನಾಗಿ ಬಂದದ್ದು ನಾನೆಲ್ಲೂ ಕಂಡಿಲ್ಲ, ಮೊದಲ ವರ್ಷ ಏನು ಮಾಡಿದ್ರಿ' ಅಂದ್ಲು. ರಸ್ತೆ ಆಚೆಯವನು ಮೂರು ಸಲ ಕೊಯ್ದನಂತೆ, ಗೇಣೆತ್ತರಕ್ಕೆ, ಅಂದೆ. ಅವಳು ಚಪ್ಪಾಳೆ ತಟ್ಟಿದ್ಲು ಕಣೋ! ಕೊಯ್ಯದಿದ್ರೆ ಆ ಕಳೆಯ ನೆರಳಲ್ಲಿ ಒಂದು ಸಸಿನೂ ಉಳೀತಿರಲಿಲ್ವಂತೆ. ಬುಡಕ್ಕೇ ಕೊಯ್ದಿದ್ರೆ ಸಸಿಗಳೂ ಹೋಗ್ತಿದ್ವಂತೆ. 'ಯಾರ್ರೀ ಆ ಪುಣ್ಯಾತ್ಮ' ಅಂದ್ಲು."

ನಾನು ಪೈ ನೋಡುತ್ತ ಕುಳಿತೆ.

"ಫ್ರಿಜ್ ಮೇಲಿನ ಕಾಗದ ಓದಿದ್ದೆ ನೀನು," ಎಂದಳು. "ಬೆಕ್ಕಿಗೆ ಹಾಕೋಕೆ ದಿನಾ ಬರ್ತಿದ್ಯಲ್ಲ. ನಾನು ಹಟಮಾರಿ, ಕೇಳಲ್ಲ ಅಂತ ಗೊತ್ತಿತ್ತು ನಿನಗೆ. ನಾನಿಲ್ಲದಾಗ ಮಾಡಿಬಿಟ್ಟೆ. ನಾಲ್ಕು ವರ್ಷ ನಾನು ಮುಖ ತಿರುಗಿಸ್ಕೊಂಡಿದ್ರೂ ನೀನು ಒಂದು ಮಾತು ಹೇಳಲಿಲ್ವಲ್ಲೋ. ಎಂಥ ಗಂಡಸೋ ನೀನು!"

ಒಂದು ತುಂಡು ಕತ್ತರಿಸಿ ನನ್ನ ತಟ್ಟೆಗೆ ಹಾಕಿದಳು. ನಾನು ತಿಂದೆ. ಹೌದು, ತಿಂದೆ. ಸುಮ್ಮನಿದ್ದುಬಿಡೋಣ ಎನಿಸಿತ್ತು. ಯಾರಿಗೂ ನಷ್ಟವಿಲ್ಲ, ಅಕ್ಕ ಮರಳಿ ಬಂದಿದ್ದಾಳೆ, ಗಿಡ ಹೂ ಬಿಟ್ಟಿದೆ.

ಅವಳು ಲಕೋಟೆ ತೆರೆದಳು. "ವಕೀಲರ ಹತ್ರ ಬರೆಸ್ಕೊಂಡು ಬಂದೆ. ನಾನು ಹೋದ ಮೇಲೆ ಎಕರೆ ನಿನಗೆ. ನಿನ್ನ ಮಗ ಕರ್ಟ್‌ಗೆ ಹೋದ್ರೆ ಮರುದಿನವೇ ಉತ್ತು ಮೆಕ್ಕೆಜೋಳ ಹಾಕ್ತಾನೆ. ಅದರ ಬೆಲೆ ಗೊತ್ತಿರೋನು ನೀನೊಬ್ಬನೇ. ಬರೋ ಮಾರ್ಚ್‌ನಲ್ಲಿ ಅದಕ್ಕೆ ಬೆಂಕಿ ಹಾಕಬೇಕಂತೆ, ಹಳೇ ಹುಲ್ಲು ಸುಟ್ರೆ ಹೊಸ ಚಿಗುರು ಬರುತ್ತಂತೆ. ಅದನ್ನೂ ಕಲಿತ್ಕೋ. ಇನ್ನೊಂದು. ಭಾನುವಾರ ಪೂಜೆ ಮುಗಿದ ಮೇಲೆ ಎದ್ದು ನಿಂತು ಎಲ್ಲರ ಮುಂದೆ ನಿನ್ನ ಕ್ಷಮೆ ಕೇಳ್ತೀನಿ. ಪಾದ್ರಿಗೆ ಹೇಳಿದ್ದೀನಿ."

ಅರವತ್ತಾರು ವರ್ಷದ, ಯಾರಿಗೂ ತಲೆ ತಗ್ಗಿಸದ ನನ್ನಕ್ಕ, ಡ್ವೇನ್‌ನಂಥವರ ಮುಂದೆ ಕೋಲು ಊರಿಕೊಂಡು ಎದ್ದು ನಿಂತು, ನನ್ನ ಕ್ಷಮೆ ಕೇಳುವುದು ಕಣ್ಣಿಗೆ ಕಟ್ಟಿತು. ನಾನು ನನ್ನ ಜೀವಮಾನದಲ್ಲಿ ಹಂದಿ ಕೊಟ್ಟಿಗೆ ತೊಳೆದಿದ್ದೇನೆ, ಸತ್ತು ಮೂರು ದಿನವಾದ ಹಸುವನ್ನು ಎಳೆದಿದ್ದೇನೆ. ಆ ಗಳಿಗೆಯಲ್ಲಿ ನನ್ನ ಮೇಲೆ ನನಗಾದಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

"ಆಲ್ವರ್ನಾ, ನಾನು ಆ ಕಾಗದ ಓದೇ ಇಲ್ಲ."

"ಮತ್ತೆ ಹೇಗೆ ಗೊತ್ತಾಯ್ತು ನಿನಗೆ?"

"ಗೊತ್ತಿರಲಿಲ್ಲ. ಸಾಯ್ಲಿ ಅಂತಲೇ ಕೊಯ್ದೆ. ಬ್ಲೇಡ್ ಮುರಿಯುತ್ತೆ ಅಂತ ಎತ್ತರಿಸಿದ್ದು, ಗಿಡಕ್ಕೋಸ್ಕರ ಅಲ್ಲ. ಅದಕ್ಕೂ ಮೊದಲು ಟ್ಯಾಂಕಿಗೆ ಔಷಧಿ ಬೆರೆಸಿದ್ದೆ. ನಾಲ್ಕು ದಿನ ಗಾಳಿ ನಿಲ್ಲಲಿಲ್ಲ. ನನ್ನ ಸೋಯಾಗೆ ಹಾರುತ್ತೆ ಅಂತ ಬಿಟ್ಟೆ."

ಅವಳು ಕಪ್ಪನ್ನು ತಟ್ಟೆಯ ಮೇಲಿಟ್ಟಳು. ಸದ್ದಾಗದಂತೆ ಇಟ್ಟಳು.

"ಗಾಳಿ ಇಲ್ದೇ ಇದ್ದಿದ್ರೆ?"

"ಹೊಡೀತಿದ್ದೆ."

"ರೈಲಿನವರು ಹೊಡೆದಿದ್ದು ನೋಡಿದ ಮೇಲೂ? ನಿನ್ನ ಮೆಟ್ಟಿಲ ಮೇಲೆ ನಾನು ಬಂದು ಕೂತ ಮೇಲೂ?"

"ಹೂಂ."

"ಆ ವಾರ ಫೋನ್ ಮಾಡಿದ್ದೆ ನಾನು. ಗಿಡ ಹೇಗಿದೆ ಅಂದೆ. ಇದೆ ಅಂದೆ ನೀನು."

ಅವಳು ಕಾಗದವನ್ನು ನೋಡುತ್ತ ಕುಳಿತಳು. ಕೊನೆಗೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಬಾಯಿಗೆ ಬಂದ ಕಹಿಯನ್ನು ಎಲ್ಲಿ ಉಗುಳಲಿ ಎಂದು ಹುಡುಕುವವರ ದನಿಯಿತ್ತು.

"ನೀನು ಸುಳ್ಳು ಹೇಳಿಕೊಂಡೇ ಇದ್ದಿದ್ರೆ ನಾನು ನೆಮ್ಮದಿಯಾಗಿ ಸಾಯ್ತಿದ್ದೆನಲ್ಲೋ. ಈಗ ಏನ್ ಮಾಡ್ಲಿ? ಕರ್ಟ್ ಉಳ್ತಾನೆ. ಬ್ರಿಟಾ ಇನ್ನೆರಡು ವರ್ಷಕ್ಕೆ ಬೇರೆ ಕಡೆ ಹೋಗ್ತಾಳೆ. ನಿನ್ನ ಬಿಟ್ರೆ ನನಗೆ ಯಾರಿದ್ದಾರೆ ಹೇಳು? ಥೂ, ನಿನ್ನ ಬಿಟ್ರೆ ಯಾರೂ ಇಲ್ವಲ್ಲ!"

ಎದ್ದಳು. ಉಳಿದ ಪೈಯನ್ನು ಎತ್ತಿಕೊಂಡಳು. ನನ್ನ ತಟ್ಟೆಯಲ್ಲಿ ಮಿಕ್ಕಿದ್ದ ಅರ್ಧ ತುಂಡನ್ನೂ ಬೆರಳಿನಿಂದ ತಳ್ಳಿ ಅದರೊಳಗೆ ಹಾಕಿಕೊಂಡಳು. ಕಾಗದ ಮಾತ್ರ ಮೇಜಿನ ಮೇಲೇ ಇತ್ತು. ಮರೆತಳೇನೋ ಎಂದು ನಾನು ಕೈಗೆತ್ತಿಕೊಂಡರೆ ಬಾಗಿಲಿನಿಂದಲೇ ತಿರುಗಿ ನೋಡಿದಳು.

"ಬಿಡು ಅದನ್ನ ಅಲ್ಲೇ. ಬೆಂಕಿ ಹಾಕೋಕೆ ಇಬ್ರು ಬೇಕಂತೆ, ಒಬ್ಬರೇ ಹಾಕೋ ಹಾಗಿಲ್ಲ. ಗಾಳಿ ನೋಡ್ಕೊಂಡು ಹಾಕಬೇಕಂತೆ. ಗಾಳಿ ನೋಡೋದು ನಿನಗೆ ಬರುತ್ತಲ್ಲ."

"ಬರ್ತೀನಿ ಆಲ್ವರ್ನಾ."

"ಬಾ. ನೀರಿನ ಕ್ಯಾನು ತಗೊಂಡು ಬಾ, ಸಲಿಕೆ ತಗೊಂಡು ಬಾ. ನನ್ನ ಹತ್ರ ಮಾತ್ರ ಮಾತಾಡಬೇಡ."